ವ್ಯೂ ಇನ್ನೂ ಬಂದಿಲ್ಲ, ಲೇಬಲ್ ಎಲ್ಲಿಂದ ಬರಬೇಕು?

ಪ್ರಶ್ನೆ: ಮ್ಯಾಕ್ ಆ್ಯಪ್‌ನ ವಿಂಡೋದಲ್ಲಿ ಎಡಕ್ಕೆ ಪಟ್ಟಿ, ಬಲಕ್ಕೆ ವಿವರ. ವಿವರದ ವ್ಯೂ ಕಂಟ್ರೋಲರ್ ರಚಿಸಿ ಲೇಬಲ್‌ಗೆ ಹೆಸರು ತುಂಬಿದ ಕೂಡಲೇ ಆ್ಯಪ್ ಕ್ರ್ಯಾಶ್ ಆಗುತ್ತದೆ. ಏಕೆ?

ಉತ್ತರ: ಈ ಓದುಗರ ಕೋಡ್ ಎಡವಿರುವುದು ಹೊಸಬರೆಲ್ಲ ಎಡವುವ ಜಾಗದಲ್ಲೇ. ಎನ್‌ಎಸ್‌ವ್ಯೂಕಂಟ್ರೋಲರ್ ಹುಟ್ಟಿದಾಗ ಅದರ ವ್ಯೂ ಹುಟ್ಟಿರುವುದಿಲ್ಲ. ‘ವ್ಯೂ’ ಪ್ರಾಪರ್ಟಿಯನ್ನು ಯಾರಾದರೂ ಮೊದಲ ಸಲ ಕೇಳಿದಾಗಲೇ ಲೋಡ್‌ವ್ಯೂ ಓಡಿ, ನಿಬ್ ಫೈಲ್ ತೆರೆದು, ಔಟ್‌ಲೆಟ್‌ಗಳು ಜೋಡಣೆಯಾಗುತ್ತವೆ. ಅಲ್ಲಿಯವರೆಗೆ ಲೇಬಲ್ ನಿಲ್. ಅದನ್ನು ಮುಟ್ಟಿದರೆ ಸ್ವಿಫ್ಟ್ ಸುಮ್ಮನಿರುವುದಿಲ್ಲ.

ವ್ಯೂವನ್ನು ಬಲವಂತವಾಗಿ ಲೋಡ್ ಮಾಡಿಸುವುದು ಪರಿಹಾರವಲ್ಲ. ಹೆಸರನ್ನು ಕಂಟ್ರೋಲರ್‌ನ ಸಾಮಾನ್ಯ ಪ್ರಾಪರ್ಟಿಯಲ್ಲಿ ಇಟ್ಟು, ವ್ಯೂಡಿಡ್‌ಲೋಡ್‌ನಲ್ಲಿ ಲೇಬಲ್‌ಗೆ ತುಂಬಬೇಕು. ಹೆಸರು ಆಮೇಲೆ ಬದಲಾದರೆ, ಈಸ್‌ವ್ಯೂಲೋಡೆಡ್ ನೋಡಿಕೊಂಡು ಲೇಬಲ್ ತಿದ್ದಿದರಾಯಿತು. ನಿಬ್ ಬಳಸದವರು ಲೋಡ್‌ವ್ಯೂನಲ್ಲಿ ತಾವೇ ವ್ಯೂ ರಚಿಸಿ ಕೊಡಬೇಕು. ಅಲ್ಲಿ ಸೂಪರ್ ಕರೆಯಬಾರದು.

ಇನ್ನು ಒಂದರೊಳಗೊಂದು ಇರುವ ಕಂಟ್ರೋಲರ್‌ಗಳ ವಿಷಯ. ಆ್ಯಡ್‌ಚೈಲ್ಡ್ ಕರೆದರೆ ಕಂಟ್ರೋಲರ್‌ಗಳ ನಂಟು ಮಾತ್ರ ಬೆಸೆಯುತ್ತದೆ. ವ್ಯೂವನ್ನು ಆ್ಯಡ್‌ಸಬ್‌ವ್ಯೂ ಮೂಲಕ ಸೇರಿಸಿ, ಕನ್‌ಸ್ಟ್ರೇಂಟ್ ಹಾಕುವುದು ಬೇರೆಯೇ ಕೆಲಸ. ತೆಗೆಯುವಾಗಲೂ ಎರಡನ್ನೂ ತೆಗೆಯಬೇಕು.

2014ರ ಯೊಸೆಮಿಟಿ, ಅಂದರೆ ಮ್ಯಾಕ್ ವ್ಯವಸ್ಥೆಯ 10.10 ಆವೃತ್ತಿಯಿಂದ ಕಂಟ್ರೋಲರ್ ತಾನಾಗಿಯೇ ರೆಸ್ಪಾಂಡರ್ ಚೈನ್‌ಗೆ ಸೇರುತ್ತದೆ. ಹಳೆಯ ಟ್ಯುಟೋರಿಯಲ್‌ಗಳು ಹೇಳುವ ನೆಕ್ಸ್ಟ್‌ರೆಸ್ಪಾಂಡರ್ ಸರ್ಕಸ್ ಈಗ ಬೇಕಿಲ್ಲ.

ಈ ಓದುಗರ ವಿನ್ಯಾಸಕ್ಕಂತೂ ಅದೇ ಆವೃತ್ತಿಯಲ್ಲಿ ಬಂದ ಎನ್‌ಎಸ್‌ಸ್ಪ್ಲಿಟ್‌ವ್ಯೂಕಂಟ್ರೋಲರ್ ಹೇಳಿ ಮಾಡಿಸಿದಂತಿದೆ. ಮಡಚಿಟ್ಟ ಭಾಗವನ್ನು ಬಿಚ್ಚುವವರೆಗೆ ಅದು ಆ ಭಾಗದ ವ್ಯೂವನ್ನು ಲೋಡ್ ಮಾಡುವುದೇ ಇಲ್ಲ. ಹೀಗಾಗಿ ಅಲ್ಲೂ ಲೇಬಲ್ ನಿಲ್ ಆಗಿರಬಹುದು; ಮೊದಲು ಬದಲಿಸಬೇಕಾದದ್ದು ಕ್ರ್ಯಾಶ್ ಆಗುವ ಆ ಒಂದು ಸಾಲನ್ನು. ಸ್ಪ್ಲಿಟ್ ವ್ಯೂ ಕೆಲಸ ಅದರ ನಂತರ.