ಲೆಕ್ಕ ಮುಂದೆ ಸಾಗಿದರೂ ಚಿತ್ರ ನಿಂತದ್ದೇಕೆ?



ಹಸುವಿನ ಹಾಲಿನ ಲೆಕ್ಕವನ್ನು ನೀವು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತೀರಾ? ಹಾಗಾದರೆ ಅಂಕಿಗಳಿಂದ ರೇಖಾಚಿತ್ರವನ್ನೂ, ಅಂದರೆ ಚಾರ್ಟನ್ನೂ ಮಾಡಿಕೊಂಡಿರಬಹುದು. ಹಾಲು ಏರಿತೋ ಇಳಿಯಿತೋ ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಈ ಚಿತ್ರವನ್ನೇ ನಂಬಿ ಮೋಸಹೋಗುವುದೂ ಉಂಟು.

ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಹಾಲಿನ ಲೀಟರು ಬರೆದಿದ್ದೀರಿ ಎನ್ನೋಣ. ಮೊದಲನೆಯ ಸಾಲು ತಲೆಬರಹ. ಹತ್ತು ದಿನಗಳ ಲೆಕ್ಕ 11ನೆಯ ಸಾಲಿಗೆ ಮುಗಿಯಿತು. ಅಷ್ಟಕ್ಕೆ ಚಾರ್ಟ್ ಮಾಡಿದಿರಿ. ದಿನಕ್ಕೆ 8 ಲೀಟರು, ಗೆರೆ ಸಮನಾಗಿದೆ. ಮುಂದಿನ ಮೂರು ದಿನ ಹಾಲು 7, 6, 5 ಲೀಟರಿಗೆ ಇಳಿಯಿತು. ಅದನ್ನೂ ಬರೆದಿರಿ. ಆದರೆ ಗೆರೆ ಹತ್ತನೆಯ ದಿನಕ್ಕೇ ನಿಂತಿದೆ!

ಕಾರಣವಿಷ್ಟೆ: ಚಾರ್ಟಿಗೆ ನಾವು ಕೊಟ್ಟ ವ್ಯಾಪ್ತಿ 11ನೆಯ ಸಾಲಿನವರೆಗೆ ಮಾತ್ರ. ಬೇಲಿಯ ಆಚೆಗಿನ ಪೈರು ಅದರ ಕಾವಲಿಗೆ ಸೇರಿಲ್ಲ. ವ್ಯಾಪ್ತಿಯನ್ನು ಬೆಳೆಸುವ ಕ್ರಮ ಹೀಗಿದೆ:

1. ಚಾರ್ಟಿನ ಮೇಲೆ ಕ್ಲಿಕ್ ಮಾಡಿರಿ. ಲೆಕ್ಕವೂ ಅದೇ ಹಾಳೆಯಲ್ಲಿದ್ದರೆ ಅಂಕಿಗಳ ಸುತ್ತ ಬಣ್ಣದ ಚೌಕಟ್ಟು ಕಾಣುತ್ತದೆ. ಅದರ ಕೆಳಮೂಲೆಯನ್ನು ಹಿಡಿದು 14ನೆಯ ಸಾಲಿನವರೆಗೆ ಎಳೆಯಿರಿ.

2. ಚಾರ್ಟ್ ಬೇರೆ ಹಾಳೆಯಲ್ಲಿದ್ದರೆ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸೆಲೆಕ್ಟ್ ಡೇಟಾ' ಆರಿಸಿರಿ. 'ಚಾರ್ಟ್ ಡೇಟಾ ರೇಂಜ್' ಎಂಬ ಪೆಟ್ಟಿಗೆಯಲ್ಲಿ 11 ಅನ್ನು 14 ಮಾಡಿರಿ. ಇಲ್ಲಿ ಅನೇಕರು ಬೇಸತ್ತು ಕೈಬಿಡುತ್ತಾರೆ. ಏಕೆಂದರೆ ಬಾಣದ ಕೀಲಿ ಒತ್ತಿದರೆ ಪೆಟ್ಟಿಗೆಯೊಳಗೆ ಮುಂದೆ ಸರಿಯುವ ಬದಲು ಬೇರೆ ಯಾವುದೋ ಮನೆಯ ವಿಳಾಸ ಬಂದು ಸೇರುತ್ತದೆ. ಮೊದಲು ಎಫ್2 ಕೀಲಿ ಒತ್ತಿರಿ. ಆಮೇಲೆ ಬಾಣದ ಕೀಲಿ ಹೇಳಿದಂತೆ ಕೇಳುತ್ತದೆ. ಕೆಟ್ಟುಹೋದರೆ ಗಾಬರಿ ಬೇಡ. 'ಕ್ಯಾನ್ಸಲ್' ಒತ್ತಿ ಪುನಃ ಆರಂಭಿಸಿರಿ.

3. ಇದು ದಿನದಿನದ ತೊಂದರೆಯಾಗಬಾರದೆಂದರೆ, ವ್ಯಾಪ್ತಿ ಸರಿಮಾಡಿದ ಮೇಲೆ ಅಂಕಿಗಳ ನಡುವೆ ಕ್ಲಿಕ್ ಮಾಡಿ, ಕಂಟ್ರೋಲ್ ಕೀಲಿಯೊಡನೆ ಟಿ ಒತ್ತಿ 'ಓಕೆ' ಎನ್ನಿರಿ. ಲೆಕ್ಕವು 'ಟೇಬಲ್' ಆಗುತ್ತದೆ. ಮುಂದೆ ಕೊನೆಯ ಸಾಲಿನ ಕೆಳಗೇ ಬರೆದ ಅಂಕಿ ತಾನಾಗಿ ಚಾರ್ಟಿಗೆ ಸೇರುತ್ತದೆ. ನಡುವೆ ಖಾಲಿ ಸಾಲು ಬಿಡಬಾರದು.

ಇಷ್ಟು ಶ್ರಮವೇಕೆ ಎನ್ನುವಿರಾ? ಹಾಲು ಹಠಾತ್ತನೆ ಇಳಿಯುವುದು ಕೆಚ್ಚಲು ಬಾವಿನ ಮುನ್ಸೂಚನೆಯಾಗಿರಬಹುದು. ಇಳಿಕೆ ಕಂಡೊಡನೆ ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ, ಗರಣೆ ಇದೆಯೇ ನೋಡಿರಿ. ಇದ್ದರೆ ಪಶುವೈದ್ಯರಿಗೆ ತೋರಿಸಿರಿ. ತಡವಾದರೆ ಆ ಮೊಲೆಯೇ ಬತ್ತಿಹೋಗಬಹುದು. ನಿಂತ ಗೆರೆಯನ್ನು ನಂಬಿ ಕುಳಿತವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ.

ಆದುದರಿಂದ ಚಾರ್ಟ್ ನೋಡುವಾಗಲೆಲ್ಲ ಒಂದು ಕೆಲಸ ಮಾಡಿರಿ: ಚಾರ್ಟಿನ ಕೊನೆಯ ದಿನಾಂಕವೂ ಲೆಕ್ಕದ ಕೊನೆಯ ದಿನಾಂಕವೂ ಒಂದೇ ಆಗಿದೆಯೇ ಎಂದು ನೋಡಿರಿ. ಒಂದೇ ಆಗಿದ್ದರೆ ಮಾತ್ರ ಗೆರೆಯನ್ನು ನಂಬಿರಿ.