ಶುಲ್ಕ ಯಥಾಶಕ್ತಿ, ಕೂಲಿ ಪೂರ್ತಿ

ಹಾಸಿಗೆ ಹಿಡಿದ ತಾಯಿಯನ್ನು ಹಗಲಿರುಳು ನೋಡಿಕೊಳ್ಳುವ ಮಗಳಿಗೂ ವಿಶ್ರಾಂತಿ ಬೇಕು. ಅದಕ್ಕಾಗಿ ಹಗಲಿಗೆ ಆಯಾ ಒಬ್ಬರನ್ನು ಕರೆಸಿದರೆ ಯಾರು ಎಷ್ಟು ಕೊಡಬೇಕು?

ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯದ 6 ಮತ್ತು 7ನೇ ಸೂಕ್ತಗಳು, ಮಗುವಿಗೆ ಹಾಲುಣಿಸುವ ವಿಚ್ಛೇದಿತ ತಾಯಿಗೆ ಪ್ರತಿಫಲ ಕೊಡಲು ಆದೇಶಿಸುತ್ತವೆ. ಉಳ್ಳವನು ತನ್ನ ಅನುಕೂಲದಂತೆ, ಇಲ್ಲದವನು ತನಗಿರುವುದರಲ್ಲಿ ಖರ್ಚು ಮಾಡಲಿ ಎನ್ನುತ್ತವೆ. ಆರೈಕೆಗೆ ಬೆಲೆಯುಂಟು, ಹೊರೆ ಮಾತ್ರ ಶಕ್ತಿಗೆ ತಕ್ಕಷ್ಟು. ಇದೇ ಪಾಠ.

ಈ ಕ್ರಮ ನಮಗೆ ಹೊಸದಲ್ಲ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ನ್ನು ಮಾತ್ರ ಸರಕಾರ ಭರಿಸುತ್ತದೆ. ಆದರೆ ಅದು ಆಸ್ಪತ್ರೆಯ ಮಾತು. ಮನೆಯ ಆರೈಕೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಜಮಾಅತ್‌ಗಳು ಏರ್ಪಾಡು ಮಾಡುವುದಾದರೆ ಮೂರು ವಿಷಯ ನೆನಪಿರಲಿ.

ಒಂದು, ಆದಾಯವನ್ನು ವರ್ಷದ ಲೆಕ್ಕದಲ್ಲಿ ನೋಡಬೇಕು. ಕಬ್ಬಿನ ಹಣ ಬಂದ ತಿಂಗಳು ಸ್ಥಿತಿವಂತನಂತೆ ಕಾಣುವ ರೈತ, ಉಳಿದ ತಿಂಗಳು ಸಾಲಗಾರನಾಗಿರಬಹುದು.

ಎರಡು, ಸೇವೆ ಮಾಡುವಾಕೆಯ ಕೂಲಿ ಕುಗ್ಗಬಾರದು. ದಿನಗೂಲಿ 600 ರೂ. ಎಂದಿಟ್ಟುಕೊಳ್ಳಿ. ಮೂರು ಮನೆಗಳು 900, 600, 300 ಕೊಟ್ಟರೂ ಆಕೆಗೆ ದಿನವೂ 600 ಸಲ್ಲಬೇಕು. ಬೆವರು ಆರುವ ಮುನ್ನ ಕೂಲಿ ಕೊಡಿರೆಂಬ ಪ್ರವಾದಿ(ಸ)ರ ಬೋಧನೆ ಬಡವರ ಮನೆಯ ಕೆಲಸಕ್ಕೂ ಅನ್ವಯಿಸುತ್ತದೆ.

ಮೂರು, ಆದಾಯವನ್ನು ಗುಟ್ಟಾಗಿ ಕೇಳಬೇಕು, ನಿಜವಾಗಿ ಹೇಳಬೇಕು. ಕೊಟ್ಟು ಹಂಗಿಸಿದರೆ ದಾನ ವ್ಯರ್ಥವೆಂದು ಅಲ್‌ಬಕರದ 264ನೇ ಸೂಕ್ತ ಎಚ್ಚರಿಸುತ್ತದೆ. ಇನ್ನು, 900 ಕೊಡಬಲ್ಲವನು ಸುಳ್ಳು ಹೇಳಿ 300 ಕೊಟ್ಟರೆ, ಉಳಿಸಿಕೊಂಡ 600 ಯಾರದು? ಪಕ್ಕದ ಬೀದಿಯ ಬಡ ರೋಗಿಯದು. ಆ ಲೆಕ್ಕವನ್ನು ಜಮಾಅತ್ ಕೇಳದಿರಬಹುದು. ಅಲ್ಲಾಹನು ಕೇಳದೆ ಬಿಡನು.