ಪೋಷಕರ ಸಭೆ ಫೋನಿನಲ್ಲಿ: ಹೈದರಾಬಾದಿನ ತಂದೆ ತಾಯಿ ಏನು ಕೇಳಬಹುದು?

ಶನಿವಾರದ ಪೋಷಕರ ಸಭೆ ಆನ್‌ಲೈನಿನಲ್ಲಿ, ಲಿಂಕ್ ಕಳಿಸಿದ್ದೇವೆ, ಸಮಯಕ್ಕೆ ಸರಿಯಾಗಿ ಸೇರಿಕೊಳ್ಳಿ. ಕೊರೊನಾ ಕಾಲದಲ್ಲಿ ಶುರುವಾದ ಈ ವಾಟ್ಸಾಪ್ ಸಂದೇಶ ಶಾಲೆಗಳು ಮತ್ತೆ ತೆರೆದ ಮೇಲೂ ಹಲವೆಡೆ ನಿಂತಿಲ್ಲ. ಗಚ್ಚಿಬೌಲಿಯ ಕಂಪನಿಯಲ್ಲಿ ದುಡಿಯುವ ತಾಯಿಗೆ ಇದರಿಂದ ಅರ್ಧ ದಿನದ ರಜೆ ಉಳಿಯುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು, ಮನೆಗೆಲ್ಲ ಒಂದೇ ಫೋನ್ ಇಟ್ಟುಕೊಂಡಿರುವ ಕುಟುಂಬಕ್ಕೆ ಅದೇ ಸಂದೇಶದಿಂದ ಸಭೆ ತಪ್ಪಿಹೋಗುತ್ತದೆ. ಶಾಲೆ ಸಭೆಯನ್ನು ಆನ್‌ಲೈನಿನಲ್ಲಿ ನಡೆಸಬಹುದೇ? ನಡೆಸಬಹುದು. ನಮಗೆ ಅದು ಆಗುವುದಿಲ್ಲ, ಎದುರಿಗೆ ಕೂತು ಮಾತಾಡಬೇಕು ಎಂದು ಪೋಷಕರು ಕೇಳಬಹುದೇ? ಖಂಡಿತ ಕೇಳಬಹುದು.

ಪೋಷಕರ ಸಭೆ ಶಾಲೆ ಮಾಡುವ ಉಪಕಾರವೆಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ಶಿಕ್ಷಕರ ಕಾನೂನುಬದ್ಧ ಕರ್ತವ್ಯ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ (2009) 24ನೇ ಕಲಮಿನಲ್ಲಿ ಶಿಕ್ಷಕರ ಹೊಣೆಗಳ ಪಟ್ಟಿಯಿದೆ. ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸುವುದು ಅವುಗಳಲ್ಲೊಂದು. ಆ ಸಭೆಯಲ್ಲಿ ಏನು ಹೇಳಬೇಕೆಂಬುದೂ ಅಲ್ಲೇ ಇದೆ: ಮಗು ಶಾಲೆಗೆ ಸರಿಯಾಗಿ ಬರುತ್ತಿದೆಯೇ, ಅದರ ಕಲಿಯುವ ಸಾಮರ್ಥ್ಯ ಹೇಗಿದೆ, ಕಲಿಕೆಯಲ್ಲಿ ಎಷ್ಟು ಮುಂದುವರಿದಿದೆ, ಮತ್ತು ಮಗುವಿಗೆ ಸಂಬಂಧಪಟ್ಟ ಇತರ ಮಾಹಿತಿ. ಈ ಕರ್ತವ್ಯಗಳಲ್ಲಿ ತಪ್ಪಿದ ಶಿಕ್ಷಕರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮಕ್ಕೂ ಅದೇ ಕಲಮಿನಲ್ಲಿ ಅವಕಾಶವಿದೆ.

ಸಭೆ ಎಲ್ಲಿ ನಡೆಯಬೇಕು, ಎದುರಿಗೋ ಪರದೆಯ ಮೇಲೋ ಎಂಬ ಬಗ್ಗೆ ಕಲಮು ಮೌನವಾಗಿದೆ. ಹಾಗಾಗಿ ಆನ್‌ಲೈನ್ ಸಭೆ ಕಾನೂನುಬಾಹಿರವಲ್ಲ. ಆದರೆ ಹೇಳಬೇಕಾದ ವಿಷಯ ಪೋಷಕರಿಗೆ ಮುಟ್ಟಿದರೆ ಮಾತ್ರ ಕರ್ತವ್ಯ ಮುಗಿಯುತ್ತದೆ ಎಂದೇ ನಾನು ಈ ಕಲಮನ್ನು ಓದುತ್ತೇನೆ. ನೂರಾರು ಪೋಷಕರನ್ನು ಒಂದೇ ಲಿಂಕಿಗೆ ಸೇರಿಸಿ, ಎಲ್ಲರ ಮೈಕ್ ಬಂದ್ ಮಾಡಿ, ಪ್ರಾಂಶುಪಾಲರು ಶಾಲೆಯ ಸಾಧನೆ ಹೇಳಿ ಮುಗಿಸಿದರೆ ಅದು ಪ್ರಕಟಣೆಯಾಯಿತೇ ಹೊರತು 24ನೇ ಕಲಮಿನ ಸಭೆಯಾಗಲಿಲ್ಲ. ಅಲ್ಲಿ ಯಾವ ಮಗುವಿನ ಹಾಜರಾತಿಯ ಮಾತೂ ಬರಲಿಲ್ಲ, ಯಾವ ತಾಯಿಗೂ ಪ್ರಶ್ನೆ ಕೇಳಲು ಆಗಲಿಲ್ಲ. ಶುಲ್ಕ ಬಾಕಿ ಇರುವವರನ್ನು ಸಭೆಗೆ ಸೇರಿಸುವುದಿಲ್ಲ ಎಂದು ಶಾಲೆ ಹೇಳಿದರೆ, ಈ ಕರ್ತವ್ಯಕ್ಕೆ ಶುಲ್ಕದ ಷರತ್ತನ್ನು ಕಾಯ್ದೆ ಎಲ್ಲೂ ಹಾಕಿಲ್ಲ ಎಂಬುದನ್ನು ನೆನಪಿಸಿ.

ಇದೇ ವೇಳೆ ಕಾಯ್ದೆಯ ಮಿತಿಯನ್ನೂ ತಿಳಿದಿರಬೇಕು. ಇದು 6ರಿಂದ 14 ವರ್ಷದ, 1ರಿಂದ 8ನೇ ತರಗತಿಯ ಮಕ್ಕಳಿಗೆ ಸಂಬಂಧಿಸಿದ್ದು. ನರ್ಸರಿಗೆ, 9 ಮತ್ತು 10ನೇ ತರಗತಿಗೆ ಇದೇ ಕಲಮನ್ನು ಹಿಡಿದು ವಾದಿಸಲಾಗದು. ಇನ್ನೊಂದು ವಿಷಯ ಹೈದರಾಬಾದಿನಲ್ಲಿ ಬಹಳ ಮುಖ್ಯ. 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯ ದೊಡ್ಡ ಪೀಠದ ಮುಂದೆ ಹೋಗಲೆಂದು ಕಳಿಸಿತು. ನಿಮ್ಮ ಮಗುವಿನ ಶಾಲೆಗೆ ಅಲ್ಪಸಂಖ್ಯಾತ ಸ್ಥಾನಮಾನವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ, ರಾಜ್ಯದಲ್ಲಿ ಜಾರಿಯಲ್ಲಿರುವ 1982ರ ಶಿಕ್ಷಣ ಕಾಯ್ದೆ ಮತ್ತು ಶಾಲೆ ಸೇರಿರುವ ಮಂಡಳಿಯ ನಿಯಮಗಳ ದಾರಿ ಹಿಡಿಯಬೇಕಾಗುತ್ತದೆ. ಸಿಬಿಎಸ್‌ಇ ಶಾಲೆಯಾದರೆ ಅದರ ಆಡಳಿತ ಸಮಿತಿಯಲ್ಲಿ ಪೋಷಕರ ಪ್ರತಿನಿಧಿಗಳೂ ಇರಬೇಕೆಂದು ಮಂಡಳಿಯ ನಿಯಮವಿದೆ. ಅವರು ಯಾರೆಂದು ಕೇಳಿ, ವಿಷಯವನ್ನು ಅವರ ಮೂಲಕ ಸಮಿತಿಯಲ್ಲಿ ಎತ್ತಿಸಿ.

ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಪೋಷಕರ ಸಭೆ ನಡೆಸಲು ಶಿಕ್ಷಣ ಇಲಾಖೆ ಸೂಚಿಸಿದೆ. ನೆರೆಯ ಆಂಧ್ರಪ್ರದೇಶ 2024ರ ಡಿಸೆಂಬರ್ 7ರಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಒಂದೇ ದಿನ ಪೋಷಕರನ್ನು ಶಾಲೆಗೇ ಕರೆಸಿ ಸಭೆ ನಡೆಸಿತು. ತಾಯಿ ತಂದೆ ಶಾಲೆಯ ಒಳಗೆ ಕಾಲಿಟ್ಟರೆ ಶೌಚಾಲಯ, ಕುಡಿಯುವ ನೀರು, ಬಿಸಿಯೂಟ ಎಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಯಾವ ಲಿಂಕೂ ಇವನ್ನು ತೋರಿಸುವುದಿಲ್ಲ. ಆದ್ದರಿಂದ ವರ್ಷದ ಎಲ್ಲ ಸಭೆಗಳನ್ನೂ ಆನ್‌ಲೈನಿಗೆ ಸರಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ದಿನಗೂಲಿಯವರಿಗೂ ಕಂಪನಿ ನೌಕರರಿಗೂ ರಜೆಯ ಸಮಸ್ಯೆ ಇದ್ದೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಮಕ್ಕಳ ಶಾಲೆಯ ಕೆಲಸಗಳಿಗೆಂದು ವರ್ಷಕ್ಕೆ 40 ಗಂಟೆಯವರೆಗೆ ರಜೆ ಕೊಡಬೇಕು. ನಮ್ಮಲ್ಲಿ ಅಂಥ ಕೇಂದ್ರ ಕಾನೂನು ಇಲ್ಲ. ಬರಲಾಗದ ಪೋಷಕರು ಆನ್‌ಲೈನ್ ಸಮಯ ಕೇಳುವುದು ನ್ಯಾಯವಾದ ಬೇಡಿಕೆ. ಊರು ಬಿಟ್ಟು ಬೇರೆಡೆ ದುಡಿಯುವ ತಂದೆಗೂ, ಬೇರೆಯಾಗಿ ಬಾಳುತ್ತಿರುವ ದಂಪತಿಯಲ್ಲಿ ಮಗು ಯಾರ ಬಳಿ ಇಲ್ಲವೋ ಅವರಿಗೂ ಇದು ಅನುಕೂಲ. ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಮಗು ತಮ್ಮ ಬಳಿ ಇಲ್ಲದ ಪೋಷಕರಿಗೆ ವಿಡಿಯೊ ಕರೆಯ ಮೂಲಕ ಮಗುವಿನ ಸಂಪರ್ಕ ಸಿಗಬೇಕು ಎಂದಿದೆ. ಅದು ಪಾಲನೆಯ ವ್ಯಾಜ್ಯದಲ್ಲಿ ಬಂದ ಮಾತು. ಆದರೂ ಶಾಲೆಗೆ ಬರೆಯುವ ಕೋರಿಕೆಗೆ ಅದು ಬಲ ಕೊಡುತ್ತದೆ. ನ್ಯಾಯಾಲಯದ ಆದೇಶವೇನಾದರೂ ಇದ್ದರೆ ಅದರ ಪ್ರತಿಯನ್ನು ಜೊತೆಗೆ ಲಗತ್ತಿಸಿ.

ಆನ್‌ಲೈನ್ ಸಭೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮಗುವಿನ ಮಾನ. ಇತರ ಪೋಷಕರೆಲ್ಲ ಕೇಳುತ್ತಿರುವಾಗ ಒಂದು ಮಗುವಿನ ಅಂಕ, ಗೈರುಹಾಜರಿ, ಶುಲ್ಕದ ಬಾಕಿ ಹೇಳುವುದು ಕೂಡದು. ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಲಿಕೆ ಮತ್ತು ಸುರಕ್ಷತೆಯ ಉದ್ದೇಶಕ್ಕೆ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳು 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಅಷ್ಟು ಕಾಯಬೇಕಿಲ್ಲ. ಸಭೆಯನ್ನು ರೆಕಾರ್ಡ್ ಮಾಡುತ್ತೀರಾ, ಅದನ್ನು ಯಾರು ನೋಡುತ್ತಾರೆ ಎಂದು ಇಂದೇ ಕೇಳಿ. ನಮ್ಮ ಮಗುವಿನ ವಿಷಯಕ್ಕೆ ಪ್ರತ್ಯೇಕ ಸಮಯ ಕೊಡಿ ಎನ್ನಿ. ನೀವೂ ಗುಟ್ಟಾಗಿ ರೆಕಾರ್ಡ್ ಮಾಡಬೇಡಿ. ಸಭೆ ಮುಗಿದ ಮೇಲೆ ಏನು ಮಾತಾಯಿತೆಂದು ಕ್ಲಾಸ್ ಟೀಚರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿದರೆ ಮುಂದೆ ಅದೇ ದಾಖಲೆಯಾಗುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ಕಾಚಿಗೂಡದ ನೃಪತುಂಗ ಶಾಲೆಯಂಥಲ್ಲಿ ಕನ್ನಡದ ಪೋಷಕರಿಗೆ ತೊಡಕಿಲ್ಲ. ತೆಲುಗು ಅಥವಾ ಇಂಗ್ಲಿಷ್ ಶಾಲೆಗೆ ಮಗುವನ್ನು ಸೇರಿಸಿದ, ಕನ್ನಡ ಮಾತ್ರ ಬಲ್ಲ ತಾಯಿ ಏನು ಮಾಡಬೇಕು? ಶಿಕ್ಷಕರು ಕನ್ನಡದಲ್ಲೇ ಮಾತಾಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೆ ಎರಡೂ ಭಾಷೆ ಬಲ್ಲ ನೆಂಟರನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಳ್ಳಲು ಅನುಮತಿ ಕೇಳಿ. ಕಿವಿ ಕೇಳದ, ಕಣ್ಣು ಕಾಣದ ಪೋಷಕರು ತಮಗೆ ಸಭೆ ಯಾವ ರೀತಿ ನಡೆದರೆ ಅನುಕೂಲವೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಉಲ್ಲೇಖಿಸಿಯೇ ಬರೆಯಬಹುದು.

ಇನ್ನು ಕ್ರಮ. ಮೊದಲ ಪತ್ರ ಮುಖ್ಯ ಶಿಕ್ಷಕರಿಗೆ ಹೋಗಲಿ. ಒಂದು ಪುಟ ಮೀರಬಾರದು. ಮಗುವಿನ ಹೆಸರು, ತರಗತಿ, ಸಭೆಯ ದಿನಾಂಕ ಬರೆದು, ಆನ್‌ಲೈನಿನಲ್ಲಿ ಸೇರಲು ಏಕೆ ಆಗುವುದಿಲ್ಲ (ಅಥವಾ ಶಾಲೆಗೆ ಬರಲು ಏಕೆ ಆಗುವುದಿಲ್ಲ) ಎಂದು ತಿಳಿಸಿ, "24ನೇ ಕಲಮಿನಂತೆ ನನ್ನ ಮಗುವಿನ ಹಾಜರಾತಿ ಮತ್ತು ಪ್ರಗತಿಯ ಬಗ್ಗೆ ಮಾತಾಡಲು ಸಮಯ ನಿಗದಿಪಡಿಸಬೇಕೆಂದು ಕೋರುತ್ತೇನೆ" ಎಂದು ಮುಗಿಸಿ. ಎರಡನೇ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಅವರು ಪತ್ರ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹೆಚ್ಚಿನ ಕಡೆ ಇಷ್ಟಕ್ಕೇ ಕೆಲಸವಾಗುತ್ತದೆ.

ಉತ್ತರ ಬರದಿದ್ದರೆ 32ನೇ ಕಲಮಿನ ಕೆಳಗೆ ಲಿಖಿತ ದೂರು. ಕಾಯ್ದೆಯಂತೆ ಅದು ಸ್ಥಳೀಯ ಪ್ರಾಧಿಕಾರಕ್ಕೆ, ಅಂದರೆ ಸ್ಥಳೀಯ ಸಂಸ್ಥೆಗೆ ಅಥವಾ ಶಾಲೆಯ ಮೇಲೆ ಆಡಳಿತದ ಹತೋಟಿ ಇರುವ ಅಧಿಕಾರಿಗೆ ಸಲ್ಲಬೇಕು. ರೂಢಿಯಲ್ಲಿ ಜನ ಹೋಗುವುದು ಜಿಲ್ಲಾ ಶಿಕ್ಷಣಾಧಿಕಾರಿ, ಅಂದರೆ ಡಿಇಒ ಕಚೇರಿಗೆ. ಇಲ್ಲೊಂದು ಎಚ್ಚರ ಬೇಕು: ನಾವು ಹೈದರಾಬಾದ್ ಎನ್ನುವ ನಗರ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಲ್ಲಿ ಹರಡಿದೆ. ಕಾಚಿಗೂಡ, ಹಿಮಾಯತ್‌ನಗರ ಹೈದರಾಬಾದ್ ಜಿಲ್ಲೆಗೆ, ಗಚ್ಚಿಬೌಲಿ, ಮಾದಾಪುರ, ಎಲ್.ಬಿ. ನಗರ ರಂಗಾರೆಡ್ಡಿಗೆ, ಕೂಕಟ್‌ಪಲ್ಲಿ, ಉಪ್ಪಲ್ ಮೇಡ್ಚಲ್-ಮಲ್ಕಾಜ್‌ಗಿರಿಗೆ ಸೇರಿವೆ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ; ಶಾಲೆ ಯಾವ ಜಿಲ್ಲೆಯಲ್ಲಿದೆಯೋ ಆ ಡಿಇಒಗೆ ದೂರು ಕೊಡಿ. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಪ್ರಜಾವಾಣಿ ಅಹವಾಲು ಸಭೆಯಲ್ಲೂ ಅರ್ಜಿ ಸಲ್ಲಿಸಬಹುದು.

ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ದೂರನ್ನು ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದೂರು ಎಲ್ಲಿಗೆ ಬಂತೆಂದು ತಿಳಿಯಲು ಡಿಇಒ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಇದಾವುದಕ್ಕೂ ವಕೀಲರೇ ಬೇಕೆಂದಿಲ್ಲ. ಬೇಕೆನಿಸಿದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ.